ಫೋನ್ ಕೆಟ್ಟಿಲ್ಲ, ವೈಫೈ ಪಕ್ಕದಲ್ಲಿ ಒಂದು ಬೋರ್ಡ್ ಹಾಕಿಸಿ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು. ಪರೀಕ್ಷೆ ಅರ್ಜಿ, ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅಂತ ಓಡಾಡುವ ಹುಡುಗ ಹುಡುಗಿಯರು ಅಂಗಡಿಗೆ ಬಂದು ಹೇಳುವುದು ಒಂದೇ ಮಾತು: "ಅಣ್ಣಾ, ವೈಫೈ ಕನೆಕ್ಟ್ ಆಗ್ಯಾದ, ಆದ್ರ ನೆಟ್ ಬರವಲ್ದು ನೋಡ್ರಿ." ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರದ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಮಕ್ಕಳು ಇವರು. ಓದುವ ಕೋಣೆ, ಕಾಲೇಜು, ನಿಲ್ದಾಣಗಳಲ್ಲಿ ಸಿಗುವ ಬಿಟ್ಟಿ ವೈಫೈ ಇವರಿಗೆ ದೊಡ್ಡ ಆಸರೆ. ಅದು ಕೈಕೊಟ್ಟರೆ ಫೋನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬಹಳ ಸಲ ಫೋನಿಗೆ ಏನೂ ಆಗಿರುವುದಿಲ್ಲ. ಯಾರೋ ಹೇಳಿದರು ಅಂತ ಫೋನ್ ರಿಸೆಟ್ ಮಾಡಿ, ಫೋಟೊ, ನೋಟ್ಸ್ ಎಲ್ಲ ಕಳೆದುಕೊಂಡು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಪತ್ರ.

ವೈಫೈಗೆ ಸೇರುವುದು ಬೇರೆ, ಇಂಟರ್ನೆಟ್ ಸಿಗುವುದು ಬೇರೆ. ಸಾರ್ವಜನಿಕ ವೈಫೈನಲ್ಲಿ ನಡುವೆ ಒಂದು ಲಾಗಿನ್ ಪುಟ ಇರುತ್ತದೆ. ಅಲ್ಲಿ ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿದ ಮೇಲೆಯೇ ಬಾಗಿಲು ತೆರೆಯುವುದು. ತೊಂದರೆ ಜಾಸ್ತಿ ಇರುವುದು ಈ ಪುಟದಲ್ಲೇ. ಪುಟ ತಾನಾಗಿ ಬರಬೇಕು, ಬರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ "ನೆಟ್‌ವರ್ಕ್‌ಗೆ ಸೈನ್ ಇನ್ ಮಾಡಿ" ಅಂತ ಮೇಲೆ ಒಂದು ಸೂಚನೆ ಬಂದಿರುತ್ತದೆ, ನಾವು ಅದನ್ನು ಸುಮ್ನೆ ಪಕ್ಕಕ್ಕೆ ಸರಿಸಿಬಿಟ್ಟಿರುತ್ತೇವೆ. ಪರವಾಗಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು ಮತ್ತೊಮ್ಮೆ ಒತ್ತಿದರೆ ಪುಟ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಬ್ರೌಸರ್ ತೆರೆದು ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ಅಂತ ಹೊಡೆಯಿರಿ. ಈಗಿನ ಸೈಟುಗಳು ಹೆಚ್ಚುಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್, ಅಂದರೆ ಬೀಗ ಹಾಕಿದವು. ಅವನ್ನು ವೈಫೈ ಪೆಟ್ಟಿಗೆ ನಡುವೆ ತಡೆದು ತನ್ನ ಲಾಗಿನ್ ಪುಟ ತೋರಿಸಲು ಆಗುವುದಿಲ್ಲ. ನೆವರ್‌ಎಸ್‌ಎಸ್‌ಎಲ್ ಬೇಕೆಂದೇ ಬೀಗವಿಲ್ಲದೆ ಇಟ್ಟಿರುವ ಪುಟ, ಅದಕ್ಕೇ ಅಲ್ಲಿ ಕೆಲಸ ಆಗುತ್ತದೆ. ಐಫೋನ್, ಐಪ್ಯಾಡ್‌ನವರು ಕ್ಯಾಪ್ಟಿವ್ ಡಾಟ್ ಆಪಲ್ ಡಾಟ್ ಕಾಮ್ (captive.apple.com) ಹೊಡೆದರೂ ನಡೆಯುತ್ತದೆ.

ಇಷ್ಟು ಮಾಡುವಾಗ ಮೊಬೈಲ್ ಡೇಟಾ ಆಫ್ ಇರಲಿ. ಆನ್ ಇದ್ದರೆ ಫೋನು "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ" ಅಂತ ತಾನೇ ತೀರ್ಮಾನಿಸಿ ಡೇಟಾ ಕಡೆ ಹೋಗಿಬಿಡುತ್ತದೆ, ಲಾಗಿನ್ ಪುಟ ಕಣ್ಣಿಗೇ ಬೀಳುವುದಿಲ್ಲ. ವಿಪಿಎನ್ (ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ಆ್ಯಪ್) ಇದ್ದರೆ ಅದನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ. ಇನ್ನೊಂದು ಕಾರಣ ನನಗೆ ಹುಡುಗರ ಫೋನಿನಲ್ಲಿ ಪದೇ ಪದೇ ಸಿಗುತ್ತದೆ. ಜಾಹೀರಾತು ಬರಬಾರದು ಅಂತ ಯಾವುದೋ ವಿಡಿಯೊ ನೋಡಿ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ಒಂದು ಹೆಸರು ಹಾಕಿಕೊಂಡಿರುತ್ತಾರೆ. 2018ರ ಆಂಡ್ರಾಯ್ಡ್ 9ರಿಂದ ಈ ಸೌಲಭ್ಯ ಇದೆ. ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಲಾಗಿನ್ ಆಗದೆ ಆ ಹೆಸರಿನ ಸರ್ವರ್ ಸಿಗುವುದಿಲ್ಲ, ಸರ್ವರ್ ಸಿಗದೆ ಬಹಳ ಸಲ ಲಾಗಿನ್ ಪುಟ ತೆರೆಯುವುದಿಲ್ಲ! ಅದನ್ನು "ಆಟೊಮ್ಯಾಟಿಕ್" ಮಾಡಿಬಿಟ್ಟರೆ ಮುಗಿಯಿತು.

ಒಟಿಪಿಯದು ಬೇರೆಯೇ ಕಥೆ. ಕೆಲವು ಫೋನುಗಳಲ್ಲಿ, ಅದರಲ್ಲೂ ಐಫೋನಿನಲ್ಲಿ, ಒಟಿಪಿ ನೋಡೋಣ ಅಂತ ಮೆಸೇಜ್ ಕಡೆ ಹೋದರೆ ಲಾಗಿನ್ ಕಿಟಕಿ ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಶುರು. ಮೇಲಿಂದ ಇಳಿಯುವ ಸೂಚನೆಯಲ್ಲೇ ನಂಬರ್ ಓದಿಕೊಳ್ಳಿ. ಸಿಮ್ ಇಲ್ಲದ ಟ್ಯಾಬ್ ಆದರೆ ನಿಮ್ಮ ಫೋನ್ ನಂಬರನ್ನೇ ಕೊಡಿ, ಕೀಪ್ಯಾಡ್ ಫೋನ್ ಆದರೂ ಸಾಕು, ಅದಕ್ಕೆ ಬಂದ ಒಟಿಪಿಯನ್ನು ಟ್ಯಾಬಿನಲ್ಲಿ ಹಾಕಿ.

ಆದರೆ ನನ್ನ ಸಂಕಟ ಇರುವುದು ಇಲ್ಲೇ. ಬಿಟ್ಟಿ ವೈಫೈ ಯಾರಿಗೆ ಬೇಕು? ರೀಚಾರ್ಜ್ ಮಾಡಿಸಲು ದುಡ್ಡಿಲ್ಲದವರಿಗೆ, ಸಿಗ್ನಲ್ ಸಿಗದ ಕಡೆ ಕೂತವರಿಗೆ. ರೀಚಾರ್ಜ್ ಮುಗಿದು ಬಹಳ ದಿನವಾದ ಸಿಮ್‌ಗೆ ಮೆಸೇಜೂ ಬರುವುದಿಲ್ಲ. ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೇ ಕಟ್ಟಡದ ಒಳಗೆ ಸಿಗ್ನಲ್ಲೇ ಇರುವುದಿಲ್ಲ, ಒಟಿಪಿ ಎಲ್ಲಿಂದ ಬರಬೇಕು? ಯಾರು ಬಳಸಿದರು ಅನ್ನುವ ದಾಖಲೆ ಇರಬೇಕು, ಅದು ಸರಿ, ದುರುಪಯೋಗ ಆದರೆ ಪೊಲೀಸರಿಗೆ ಬೇಕಾಗುತ್ತದೆ. ಆದರೆ ಓದುವ ಕೋಣೆಯಂಥ ಕಡೆ ಗುರುತಿನ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆಸಿಕೊಂಡು, ಒಂದು ಕೂಪನ್ ನಂಬರ್ ಕೊಡಬಹುದಲ್ವಾ? ಕೂಪನ್ ಕೊಡುವ ವ್ಯವಸ್ಥೆ ಬಹಳಷ್ಟು ವೈಫೈ ಸಲಕರಣೆಗಳಲ್ಲಿ ಇದ್ದೇ ಇದೆ. ಇದ್ದದ್ದನ್ನು ಬಳಸಬೇಕು, ಅಷ್ಟೇ.

ಕೆಲವು ತೊಂದರೆಗಳನ್ನು ಬಳಸುವವರು ಸರಿ ಮಾಡಲು ಸಾಧ್ಯವೇ ಇಲ್ಲ. ಫೋನು "ಐಪಿ ವಿಳಾಸ ಪಡೆಯಲಾಗುತ್ತಿದೆ" ಅಂತ ತೋರಿಸುತ್ತಾ ಸುತ್ತುತ್ತಲೇ ಇರುತ್ತದೆ. ಐಪಿ ವಿಳಾಸ ಅಂದರೆ ವೈಫೈ ಪೆಟ್ಟಿಗೆ, ಅಂದರೆ ರೂಟರ್, ಪ್ರತಿ ಸಾಧನಕ್ಕೂ ಕೊಡುವ ಒಂದು ನಂಬರ್. ಸಣ್ಣ ರೂಟರುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಹೆಚ್ಚೆಂದರೆ ಸುಮಾರು 250 ಸಾಧನಗಳಿಗೆ ವಿಳಾಸ ಹಂಚಬಲ್ಲವು. ಒಮ್ಮೆ ಕೊಟ್ಟ ವಿಳಾಸವನ್ನು 24 ಗಂಟೆ ಹಿಡಿದಿಡುವಂತೆ ಬಿಟ್ಟಿದ್ದರೆ, ಬೆಳಿಗ್ಗೆ ಬಂದು ಹೋದವರ ಹೆಸರಲ್ಲೇ ಎಲ್ಲ ವಿಳಾಸ ಖರ್ಚಾಗಿ, ಮಧ್ಯಾಹ್ನ ಬಂದವರಿಗೆ ಏನೂ ಉಳಿಯುವುದಿಲ್ಲ. ಆ ಅವಧಿಯನ್ನು ಅರ್ಧ ಗಂಟೆ, ಒಂದು ಗಂಟೆಗೆ ಇಳಿಸಿದರೆ ಸಾಕು. ಒಂದು ರೂಪಾಯಿ ಖರ್ಚಿಲ್ಲ. ವೈಫೈ ಅಲೆ ಸಾಮಾನ್ಯವಾಗಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಬಗೆ. 5 ಮಾತ್ರ ಇಟ್ಟರೆ ಹಳೇ ಟ್ಯಾಬುಗಳಿಗೆ ವೈಫೈ ಹೆಸರೇ ಕಾಣುವುದಿಲ್ಲ, 2.4 ಕೂಡ ಇರಲಿ. ಅದು ಗೋಡೆ ದಾಟಿಯೂ ಸ್ವಲ್ಪ ದೂರ ಹೋಗುತ್ತದೆ.

ಕಾಲೇಜುಗಳಿಗೂ ಒಂದು ಮಾತು. ವಿದ್ಯಾರ್ಥಿಗಳ ಟ್ಯಾಬಿನ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ತಯಾರಕರು ಕೊಟ್ಟ ಗುರುತಿನ ನಂಬರ್) ಬರೆದುಕೊಂಡು ಅದಕ್ಕೆ ಮಾತ್ರ ವೈಫೈ ಬಿಡುವ ಪದ್ಧತಿ ಕೆಲವು ಕಡೆ ಇದೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಖಾಸಗಿತನ ಉಳಿಯಲಿ ಅಂತ ಒಂದೊಂದು ವೈಫೈಗೆ ಒಂದೊಂದು ನಕಲಿ ಮ್ಯಾಕ್ ವಿಳಾಸ ತೋರಿಸುತ್ತವೆ. ಡಬ್ಬಿ ಮೇಲಿನ ವಿಳಾಸ ಬರೆದುಕೊಂಡರೆ ಅದು ಹೊಂದುವುದೇ ಇಲ್ಲ. ಆ ಒಂದು ವೈಫೈಗೆ ಮಾತ್ರ "ಸಾಧನದ ಮ್ಯಾಕ್ ಬಳಸಿ" ಅಂತ ಆರಿಸಿಕೊಳ್ಳಲು ಮಕ್ಕಳಿಗೆ ಹೇಳಿಕೊಡಿ. ಐಫೋನಿನಲ್ಲಿ "ಪ್ರೈವೇಟ್ ವೈಫೈ ಅಡ್ರೆಸ್" ಆಫ್ ಮಾಡಬೇಕು.

ಚಾರ್ಜ್ ಪೂರ್ತಿ ಖಾಲಿಯಾಗಿ ಬಿದ್ದಿದ್ದ ಟ್ಯಾಬ್ ಆದರೆ ದಿನಾಂಕ, ಸಮಯ ನೋಡಿ. ತಪ್ಪಿದ್ದರೆ ಯಾವ ಸೈಟೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ ತೋರಿಸುತ್ತದೆ. ಕೈಯಿಂದಲೇ ಸರಿ ಮಾಡಿ. ಏನು ಮಾಡಿದರೂ ಆಗದಿದ್ದರೆ ಆ ಒಂದು ವೈಫೈಯನ್ನು "ಫರ್ಗೆಟ್" ಮಾಡಿ ಮತ್ತೆ ಸೇರಿ. ಇಡೀ ಫೋನನ್ನು ರಿಸೆಟ್ ಮಾಡಲು ಮಾತ್ರ ದಯವಿಟ್ಟು ಹೋಗಬೇಡಿ.

ಸಮಯ ಮುಗಿದದ್ದನ್ನೂ ಜನ ಕೆಟ್ಟದ್ದು ಅಂದುಕೊಳ್ಳುತ್ತಾರೆ. ರೈಲು ನಿಲ್ದಾಣಗಳ ರೈಲ್‌ವೈರ್ ವೈಫೈ ದಿನಕ್ಕೆ ಮೊದಲ 30 ನಿಮಿಷ ಮಾತ್ರ ಉಚಿತ, ಆಮೇಲೆ ದುಡ್ಡು ಕಟ್ಟಬೇಕು. ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಹಾಲ್ ಟಿಕೆಟ್ ಮೊದಲು ಇಳಿಸಿಕೊಂಡು ಮಿಕ್ಕದ್ದನ್ನು ಆಮೇಲೆ ನೋಡಬಹುದು.

ಎಚ್ಚರಿಕೆಯನ್ನೂ ಹೇಳಲೇಬೇಕು. ಅದೇ ಹೆಸರಿನ ಕಳ್ಳ ವೈಫೈ ಯಾರು ಬೇಕಾದರೂ ತಮ್ಮ ಫೋನಿನಿಂದಲೇ ಬಿಡಬಹುದು. ಲಾಗಿನ್ ಪುಟ ಬ್ಯಾಂಕ್ ವಿವರ, ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್ ಕೇಳಿದರೆ ಅಥವಾ ಯಾವುದೋ ಫೈಲ್ ಇನ್‌ಸ್ಟಾಲ್ ಮಾಡು ಅಂದರೆ ತಕ್ಷಣ ವೈಫೈ ಆಫ್ ಮಾಡಿ ಅಲ್ಲಿಯವರಿಗೆ ತಿಳಿಸಿ. ಪರೀಕ್ಷೆ ಶುಲ್ಕ ಕಟ್ಟುವುದಿದ್ದರೆ ಮೊಬೈಲ್ ಡೇಟಾದಲ್ಲೇ ಕಟ್ಟಿ.

ಇಷ್ಟಕ್ಕೂ ನಾನು ಕೇಳುವುದು ಸಣ್ಣ ವಿಷಯ. ಸಾರ್ವಜನಿಕರಿಗೆ ವೈಫೈ ಕೊಡುವ ಪ್ರತಿಯೊಂದು ಜಾಗದಲ್ಲೂ ಕಣ್ಣಿಗೆ ಕಾಣುವ ಹಾಗೆ ಒಂದು ಬೋರ್ಡ್ ಬೇಕು. ವೈಫೈಯ ಸರಿಯಾದ ಹೆಸರು, ಲಾಗಿನ್ ಪುಟದ ವಿಳಾಸ, ಎಷ್ಟು ಹೊತ್ತು ಉಚಿತ, ಒಟಿಪಿ ಬಾರದಿದ್ದರೆ ಯಾರನ್ನು ಕೇಳಬೇಕು, ಕೆಟ್ಟರೆ ಯಾವ ನಂಬರಿಗೆ ಫೋನ್ ಮಾಡಬೇಕು, ಇವಿಷ್ಟು ಅದರಲ್ಲಿರಲಿ. ಈಗ ಬಹಳ ಕಡೆ "ಫ್ರೀ ವೈಫೈ" ಅನ್ನುವ ಚೀಟಿ ಬಿಟ್ಟರೆ ಏನೂ ಇಲ್ಲ, ಅದೂ ಇಂಗ್ಲಿಷ್‌ನಲ್ಲಿ. ನಮ್ಮೂರಲ್ಲಿ ಬೋರ್ಡು ಕನ್ನಡದಲ್ಲಿರಬೇಕು, ಜೊತೆಗೆ ಉರ್ದುವಿನಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಕಲಬುರಗಿಯ ಯಾವ ಓದುವ ಕೋಣೆಯವರು ಕರೆದರೂ ಬೋರ್ಡಿನ ಬರಹ ನಾನು ಬರೆದುಕೊಡುತ್ತೇನೆ, ರೂಟರಿನ ಸೆಟ್ಟಿಂಗ್ ಕೂಡ ನೋಡಿಕೊಡುತ್ತೇನೆ. ದುಡ್ಡು ಬೇಡ. ಸಂಜೆ ಅಂಗಡಿ ಮುಚ್ಚಿದ ಮೇಲೆ ಬರುತ್ತೇನೆ.

ಇಂತಿ,
ಮೊಬೈಲ್ ರಿಪೇರಿ ಅಂಗಡಿಯ ಓದುಗ, ಕಲಬುರಗಿ