ಪೈಪಿನ ಒಳಗೂ ಒಮ್ಮೆ ಇಣುಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆ ಕಟ್ಟುವವರ ಪುಟದಲ್ಲಿ ಬಂದ ಜಿಐ ಪೈಪಿನ, ಅಂದರೆ ತುಕ್ಕು ತಡೆಯಲು ಸತು ಲೇಪಿಸಿದ ಪೈಪಿನ ಬರಹ ಓದಿದೆ. ಬಹುತೇಕ ಚೆನ್ನಾಗಿದೆ. ಆದರೆ ‘ಮೈ ನುಣುಪಾಗಿ, ಫಳಫಳ ಹೊಳೆಯುವ ಪೈಪನ್ನೇ ಆರಿಸಿ’ ಎಂಬ ಸಲಹೆಗೆ ನನ್ನ ತಕರಾರಿದೆ. ಗೇಟು, ರೇಲಿಂಗು, ಶೆಡ್ಡು ಮಾಡುವುದೇ ನನ್ನ ಕಸುಬು. ಹೊಳಪು ನೋಡಿ ಕೊಂಡವರ ಕೈಗೆ ಹೆಚ್ಚಾಗಿ ಸಿಗುವುದು ತೆಳು ಲೇಪನದ ಪೈಪೇ.

ಕೇಳಬೇಕಾದ ಪ್ರಶ್ನೆ ಒಂದೇ: ಸತು ಹತ್ತಿದ್ದು ಪೈಪು ತಯಾರಾಗುವ ಮೊದಲೋ, ಆಮೇಲೋ?

ಹಾಟ್ ಡಿಪ್ ಅಂದರೆ ಆಮೇಲೆ. ತಯಾರಾದ ಪೈಪನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ, ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಒಳಗೆ, ಹೊರಗೆ, ಬೆಸುಗೆಯ ಗೆರೆಯ ಮೇಲೆ, ಎಲ್ಲ ಕಡೆ ಸತು ಕೂರುತ್ತದೆ. ಬಣ್ಣದ ಹಾಗೆ ಸುಮ್ನೆ ಅಂಟಿಕೊಳ್ಳುವುದಿಲ್ಲ, ಕಬ್ಬಿಣದ ಜೊತೆ ಬೆರೆತು ಗಟ್ಟಿ ಪದರವಾಗುತ್ತದೆ. ದಪ್ಪ ಸಾಮಾನ್ಯವಾಗಿ 45ರಿಂದ 85 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಇಂಥ ಪೈಪು ಮಂಕಾಗಿ, ಬೂದು ಬಣ್ಣದಲ್ಲಿರಬಹುದು, ಅಲ್ಲಲ್ಲಿ ಸತು ಇಳಿದ ಗುರುತೂ ಇರಬಹುದು. ಚೆಂದ ಕಾಣುವುದಿಲ್ಲ ಅಂತ ಜನ ಬದಿಗಿಡುವುದು ಇದನ್ನೇ!

ಪ್ರಿ-ಗ್ಯಾಲ್ವನೈಸ್ಡ್ ಅಂದರೆ ಮೊದಲೇ. ಇದರಲ್ಲಿ ಸತು ಹತ್ತುವುದು ತಗಡಿಗೆ. ಆಮೇಲೆ ಅದನ್ನು ಸುತ್ತಿ, ಅಂಚು ಕೂಡಿಸಿ ಬೆಸೆಯುತ್ತಾರೆ. ಸತು 907 ಡಿಗ್ರಿಗೇ ಆವಿಯಾಗುತ್ತದೆ, ಉಕ್ಕು ಕರಗಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ಹಾಗಾಗಿ ಬೆಸುಗೆಯ ಗೆರೆಯುದ್ದಕ್ಕೂ ಸತು ಸುಟ್ಟುಹೋಗುತ್ತದೆ. ಹೊರಗಡೆ ಮತ್ತೆ ಸತು ಸಿಂಪಡಿಸಿ ಸರಿಮಾಡುತ್ತಾರೆ. ಒಳಗಡೆ ಸಾಮಾನ್ಯವಾಗಿ ಹಾಗೇ ಬಿಟ್ಟಿರುತ್ತಾರೆ. ನಂಬಿಕೆ ಬರದಿದ್ದರೆ ತುಂಡೊಂದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ. ಸುತ್ತಲೂ ಬೆಳ್ಳಗಿದ್ದು, ಉದ್ದಕ್ಕೆ ಒಂದೇ ಒಂದು ಕಪ್ಪು ಅಥವಾ ಕಂದು ಗೆರೆ ಕಂಡರೆ ಅದು ಪ್ರಿ-ಗ್ಯಾಲ್ವನೈಸ್ಡ್. ಬೆರಳಾಡಿಸಿದರೆ ಬೆಸುಗೆಯ ಏಣು ತಾಗಬಹುದು. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಅದು ಕೆಟ್ಟ ಮಾಲು ಅಂತ ನಾನು ಹೇಳುತ್ತಿಲ್ಲ. ಮಳೆ ತಾಗದ ಜಾಗಕ್ಕೆ, ಸೀಲಿಂಗ್ ಫ್ರೇಮಿಗೆ, ಒಳಾಂಗಣದ ಪೀಠೋಪಕರಣಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಮೈ ಸಮವಾಗಿರುತ್ತದೆ, ಬಣ್ಣವೂ ಚೆನ್ನಾಗಿ ಕೂರುತ್ತದೆ. ವಿದ್ಯುತ್ ಹರಿಸಿ ಸತು ಹತ್ತಿಸಿದ ಎಲೆಕ್ಟ್ರೋ ಗ್ಯಾಲ್ವನೈಸ್ಡ್‌ನಲ್ಲಿ ಪದರ ಇನ್ನೂ ತೆಳು, ಅದು ಒಣ ಜಾಗಕ್ಕೆ ಮಾತ್ರ.

ಲೆಕ್ಕವೂ ಸುಲಭ. ಒಂದು ಚದರ ಮೀಟರಿಗೆ ಸುಮಾರು 7 ಗ್ರಾಂ ಸತು ಅಂದರೆ 1 ಮೈಕ್ರಾನ್. ಪ್ರಿ-ಗ್ಯಾಲ್ವನೈಸ್ಡ್ ಪೈಪಿಗೆ ಬರೆಯುವ ಝಡ್275 ಅಂದರೆ ಚದರ ಮೀಟರಿಗೆ ಎರಡೂ ಮುಖ ಸೇರಿ 275 ಗ್ರಾಂ ಸತು. ಅಲ್ಲಿಗೆ ಒಂದು ಮುಖಕ್ಕೆ 20 ಮೈಕ್ರಾನ್ ಕೂಡ ತುಂಬುವುದಿಲ್ಲ. ಝಡ್120 ಆದರೆ 8 ಚಿಲ್ಲರೆ. ಒಂದು ಜಾಗದಲ್ಲಿ ಸತು ಹೆಚ್ಚುಕಡಿಮೆ ಒಂದೇ ಹದದಲ್ಲಿ ಸವೆಯುವುದರಿಂದ ಪದರ ದಪ್ಪಗಿದ್ದಷ್ಟೂ ಬಾಳಿಕೆ ಜಾಸ್ತಿ. ಒಣಗಿದ ಒಳಮನೆಯಲ್ಲಿ ವರ್ಷಕ್ಕೆ 0.1 ಮೈಕ್ರಾನ್ ಕೂಡ ಹೋಗುವುದಿಲ್ಲ. ಅದೇ ಉಪ್ಪುಗಾಳಿ ಜೋರಾಗಿರುವ ಕಡಲಂಚಿನಲ್ಲಿ 4ರಿಂದ 8 ಮೈಕ್ರಾನ್ ಹೋಗಬಹುದು. ಅಂಥ ಕಡೆ ಝಡ್120 ಪೈಪಿನ ಗೇಟು ಎಷ್ಟು ದಿನ ನಿಲ್ಲುತ್ತದೆ, ನೀವೇ ಹೇಳಿ.

ಇನ್ನು ನಮ್ಮ ಕಸುಬಿನವರ ಒಂದು ಕೆಟ್ಟ ಚಾಳಿ. ಯಾವ ಪೈಪಾದರೂ ಬೆಸುಗೆ ಹಾಕಿದ ಕಡೆ ಸತು ಹೋಗುತ್ತದೆ. ಅಲ್ಲಿಗೆ ಜಿಂಕ್-ರಿಚ್ ಪೇಂಟ್, ಅಂದರೆ ಸತುವಿನ ಪುಡಿ ತುಂಬಿದ ಬಣ್ಣ ಹಚ್ಚಬೇಕು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಬಳಿದು ಕೈತೊಳೆದುಕೊಳ್ಳುವವರೇ ಜಾಸ್ತಿ. ಅದು ನೋಡಲಿಕ್ಕೆ ಮಾತ್ರ ಸತು. ಬೆಸೆಯುವ ಮೊದಲು ಆ ಜಾಗದ ಸತು ಉಜ್ಜಿ ತೆಗೆಯಿರಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಸತು ಸುಟ್ಟು ಏಳುವ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲೇ ಚಳಿಜ್ವರ ಹಿಡಿಯಬಹುದು.

ಗೇಟನ್ನು ಕಪ್ಪು ಪೈಪಿನಲ್ಲೇ (ಸತು ಹತ್ತಿಸದ ಪೈಪು) ಪೂರ್ತಿ ಮಾಡಿ, ಆಮೇಲೆ ಹಾಟ್ ಡಿಪ್‌ಗೆ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಪ್ರತಿ ಪೈಪಿಗೂ ಗಾಳಿ ಹೋಗಲು ತೂತು ಕೊರೆದಿರಲೇಬೇಕು. ಬಾಯಿ ಮುಚ್ಚಿದ ಪೈಪಿನೊಳಗೆ ತೇವ ಉಳಿದರೆ ಸತುವಿನ ತೊಟ್ಟಿಯಲ್ಲಿ ಅದು ಸಿಡಿಯುತ್ತದೆ.

ಮುಂದೆ ಈ ವಿಷಯ ಬರೆಸುವಾಗ ಯಾವ ಜಾಗಕ್ಕೆ ಎಷ್ಟು ಮೈಕ್ರಾನ್ ಎಂಬ ಸಣ್ಣ ಪಟ್ಟಿ ಹಾಕಿಸಿ. ಬಿಲ್ಲಿನಲ್ಲಿ ಲೇಪನದ ಗ್ರಾಂ ಬರೆಸಿಕೊಳ್ಳಿ ಅಂತಲೂ ಓದುಗರಿಗೆ ತಿಳಿಸಿ.

— ಒಬ್ಬ ಫ್ಯಾಬ್ರಿಕೇಟರ್