ಮನೆ ಮುಂದೆ ಒಂದಿಷ್ಟು ಮಣ್ಣು ಉಳಿಸಿ ಸ್ವಾಮಿ: ವಾರ್ಡ್ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ, ನಮಸ್ಕಾರ.

ಚಿಕ್ಕಮಗಳೂರಲ್ಲಿ ನಮ್ಮದು ಇಳಿಜಾರು ಬೀದಿ, ನಮ್ಮನೆ ಕಟ್ಟಕಡೇದು. ಓಟು ಕೇಳೋಕೆ ಬಂದಾಗ ಪಂಚೆ ಎತ್ತಿ ಕಟ್ಕೊಂಡು ನೀರು ದಾಟಿದ್ರಲ್ಲ, ಅಲ್ಲೇ. ಮೇಲ್ಗಡೆ ಮನೆಯವರೆಲ್ಲ ಒಬ್ಬರನ್ನ ನೋಡಿ ಒಬ್ಬರು ಅಂಗಳಕ್ಕೆ ಕಾಂಕ್ರೀಟು, ಇಂಟರ್‌ಲಾಕು ಹಾಕ್ಸಿ, ಕಾರು ಹತ್ತೋಕೆ ಚರಂಡಿ ಮೇಲೇ ರ‍್ಯಾಂಪ್ ಕಟ್ಕೊಂಡ್ರು. ಜೂನ್ ಬಂದ್ರೆ ಅಷ್ಟೂ ಮನೆ ನೀರು ಇಂಗೋಕೂ ಜಾಗ ಇಲ್ಲ ಚರಂಡಿಗೆ ಇಳಿಯೋಕೂ ಜಾಗ ಇಲ್ಲ, ರೋಡಲ್ಲೇ ಹರಿದು ನಮ್ಮ ನಡುಮನೆಗೆ ನುಗ್ಗುತ್ತೆ. ಮಂಡಿನೋವಿನ ಅತ್ತೇನ ನಡುರಾತ್ರಿ ಎಬ್ಬಿಸಿ ಕುರ್ಚಿ ಮೇಲೆ ಕೂರಿಸಿ, ಅಕ್ಕಿಮೂಟೆ ಮಂಚಕ್ಕೆ ಹಾಕಿ, ಬಕೆಟಲ್ಲಿ ನೀರು ಎತ್ತಿ ಎತ್ತಿ ಚೆಲ್ತಾ ಬೆಳಗಾಗುತ್ತೆ. ಪ್ರತಿ ಮಳೆಗಾಲ ಇದೇ ಹಾಡು.

ಹೋದ ವರ್ಷ ದೂರು ಕೊಟ್ಟೆ. ಪರಿಶೀಲನೆಗೆ ಅಂತ ಒಬ್ಬ ಸಾಹೇಬ್ರು ಬಂದ್ರು. ರ‍್ಯಾಂಪ್ ಕಡೆ ಕಣ್ಣೆತ್ತೂ ನೋಡ್ಲಿಲ್ಲ, ನಮ್ಮ ದಾಸವಾಳ, ಕರಿಬೇವು, ಡೇರೆ ಗಿಡ ನೋಡಿ "ಏನಮ್ಮಾ ಇದು, ಕಾಡು ಬೆಳೆಸಿದ್ದೀರ, ಹಾವು ಬರುತ್ತೆ, ಕಿತ್ತಾಕಿ ಅಕ್ಕಪಕ್ಕದವರ ಥರ ನೀಟಾಗಿ ಟೈಲ್ಸ್ ಹಾಕ್ಸಿ" ಅಂದ್ರು! ಇಡೀ ಬೀದೀಲಿ ನೀರು ಕುಡಿಯೋ ಮಣ್ಣು ಉಳಿದಿರೋದೇ ಅಷ್ಟು, ಅದಕ್ಕೂ ಟೈಲ್ಸಂತೆ. ನಾನು ಕೊಟ್ಟ ಕಾಫಿ ಮಾತ್ರ ಚೆನ್ನಾಗಿತ್ತಂತೆ.

ಮನೆ ಮುಂದೆ ಎಷ್ಟು ಜಾಗ ಬಿಡ್ಬೇಕು, ಚರಂಡಿ ಮುಚ್ಚಬಹುದಾ ಇಲ್ವಾ, ರೂಲ್ಸ್ ಎಲ್ಲ ನಿಮಗೆ ಗೊತ್ತೇ ಇದೆ, ನಾನು ಹೇಳ್ಬೇಕಾ? ಆದ್ರೆ ಬಿಟ್ಟ ಜಾಗಕ್ಕೂ ಸಿಮೆಂಟ್ ಬಳಿದ್ರೆ ಬಿಟ್ಟು ಏನು ಪ್ರಯೋಜನ? ಎಸ್ಟೇಟಲ್ಲಾದ್ರೆ ಕಾಫಿ ಒಣಗಿಸೋಕೆ ಸಿಮೆಂಟ್ ಕಣ ಬೇಕು ಸರಿ, ಇಲ್ಲಿ ಒಣಗ್ತಿರೋದು ಕಾರು ಒಂದೇ. 30x40 ಸೈಟ್ ಮೇಲೆ 50 ಮಿ.ಮೀ. ಮಳೆ ಬಿದ್ರೆ ಸುಮಾರು 5,500 ಲೀಟರ್ ನೀರು, ಅದು ಒಂದು ಮನೇದು. ಇದನ್ನ ರೋಡಿಗೂ ನಮ್ಮನೆಗೂ ಕಳಿಸಿ, ಬೇಸಿಗೇಲಿ ಹಿರೇಕೊಳಲೆ ಕೆರೆ ನೀರು ಬರ್ಲಿಲ್ಲ ಯಗಚಿ ಹೊಳೆ ನೀರು ಬರ್ಲಿಲ್ಲ ಅಂತ ಕೊಡ ಹಿಡ್ಕೊಂಡು ನಿಲ್ಲೋರೂ ಇದೇ ಜನ.

ಕೇಳ್ತಿರೋದು ಇಷ್ಟೇ. ಮುಂದಿನ ಜಾಗದಲ್ಲಿ ಅರ್ಧನಾದ್ರೂ ಮಣ್ಣು ಇರ್ಲೇಬೇಕು ಅಂತ ಮಾಡಿ, ಕಾರಿಗೆ ಬೇಕಿದ್ರೆ ಎರಡು ಚಕ್ರದ ಅಗಲಕ್ಕೆ ಕಲ್ಲು ಹಾಸ್ಕೊಳ್ಳಲಿ ಸಾಕು. ಚರಂಡಿ ಮೇಲಿನ ರ‍್ಯಾಂಪ್ ತೆಗೆಸಿ. ಪ್ಲಾನ್ ಪಾಸ್ ಮಾಡುವಾಗ್ಲೇ ಅಂಗಳ ನೋಡಿ. ಮತ್ತೆ ಹೇಳ್ತೀನಿ, ಅರ್ಧ ಮಣ್ಣು, ರ‍್ಯಾಂಪ್ ತೆಗೆಸಿ, ಈ ಜೂನ್ ಒಳಗೆ. "ಪರಿಶೀಲಿಸ್ತೀವಿ" ಅಂತ ಮಾತ್ರ ಹೇಳ್ಬೇಡಿ ಸ್ವಾಮಿ, ಅದು ಆಗಿದೆ, ಗಿಡ ಕೀಳಿ ಅಂತ ಹೇಳಿ ಹೋಗಿದ್ದಾರೆ.

ಇಂತಿ,
ಬೀದಿ ಕೊನೆ ಮನೆಯವಳು