ಬೀದಿ ಸುಧಾರಿಸಿತು, ಇದ್ದವರು ಎಲ್ಲಿ ಹೋದರು?

ಮಾನ್ಯ ಸಂಪಾದಕರೇ,

ಹಳೆಯ ಕೇರಿಯೊಂದು ಥಳಥಳ ಹೊಳೆಯತೊಡಗಿದರೆ ಕೆಲವರು ಅದನ್ನು ಅಭಿವೃದ್ಧಿ ಎನ್ನುತ್ತಾರೆ, ಕೆಲವರು ಜೆಂಟ್ರಿಫಿಕೇಶನ್ (ಉಳ್ಳವರು ಬಂದು ಇಲ್ಲದವರು ಜಾಗ ಬಿಡುವುದು) ಎನ್ನುತ್ತಾರೆ. ಎರಡೂ ಒಂದೇ ಎಂಬಂತೆ ಬರೆಯುವವರೂ ಇದ್ದಾರೆ. ಅದಕ್ಕೇ ಈ ಪತ್ರ.

ಜೆಂಟ್ರಿಫಿಕೇಶನ್ ಎಂಬ ಪದವನ್ನು 1964ರಲ್ಲಿ ಚಲಾವಣೆಗೆ ತಂದವರು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ. ಅವರು ಬರೆದದ್ದು ಲಂಡನ್ನಿನ ಬಗ್ಗೆ. ಕಾರ್ಮಿಕರಿದ್ದ ಕೇರಿಗಳಿಗೆ ಮಧ್ಯಮ ವರ್ಗದವರು ಒಬ್ಬೊಬ್ಬರಾಗಿ ಬಂದರು. ಗುತ್ತಿಗೆ ಮುಗಿದ ಪುಟ್ಟ ಮನೆಗಳು ಕೈ ಬದಲಾದವು, ಸುಣ್ಣಬಣ್ಣ ಕಂಡವು, ದುಬಾರಿಯಾದವು. ಒಮ್ಮೆ ಶುರುವಾದರೆ, ಮೊದಲಿದ್ದ ಕಾರ್ಮಿಕರಲ್ಲಿ ಬಹುಪಾಲು ಜನ ಜಾಗ ಬಿಡುವ ತನಕ ಇದು ನಿಲ್ಲುವುದಿಲ್ಲ ಎಂದರು ಗ್ಲಾಸ್. ‘ಜೆಂಟ್ರಿ’ ಅಂದರೆ ಇಂಗ್ಲೆಂಡಿನ ಜಮೀನುಳ್ಳ ದೊಡ್ಡ ಮನೆತನದವರು. ಹೆಸರಲ್ಲೇ ಚುಚ್ಚುಮಾತಿದೆ, ಅಲ್ವಾ? ಆ ಪುಟ್ಟ ಮನೆಗಳ ಗೋಡೆ ಹಳೆಯದೇ, ಬೀದಿಯೂ ಹಳೆಯದೇ. ಬದಲಾದದ್ದು ಒಳಗಿದ್ದ ಜನ.

ಅಭಿವೃದ್ಧಿಯ ಲೆಕ್ಕ ಬೇರೆ. ನೀರು, ಚರಂಡಿ, ಶಾಲೆ, ಬಸ್ಸು ಬಂದು, ಅಲ್ಲೇ ಇದ್ದವರ ಬದುಕು ಹಗುರವಾದರೆ ಅದು ಅಭಿವೃದ್ಧಿ. ತೊಡಕು ಇರುವುದು ಬಾಡಿಗೆದಾರನಿಗೆ. ಅದೇ ಬಸ್ಸಿನಿಂದ ಸ್ವಂತ ಮನೆಯವನ ಆಸ್ತಿಗೆ ಬೆಲೆ ಬರುತ್ತದೆ, ಬಾಡಿಗೆಯವನಿಗೆ ಮನೆ ಖಾಲಿ ಮಾಡಿ ಎಂಬ ಮಾತು ಬರುತ್ತದೆ. ಜಾಗವೊಂದು ಈಗ ತರುವ ಬಾಡಿಗೆಗೂ ಅದು ತರಬಹುದಾದ ಬಾಡಿಗೆಗೂ ನಡುವಿನ ಅಂತರ ಹಿಗ್ಗಿದಾಗ ಹಣ ಅಲ್ಲಿಗೆ ನುಗ್ಗುತ್ತದೆ ಎಂದು ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ವಿವರಿಸಿದ್ದರು.

ಅಂಕಿಅಂಶ ಇಲ್ಲಿ ಸುಲಭವಾಗಿ ಮೋಸ ಮಾಡುತ್ತದೆ. ಬಡವರು ಹೊರಟುಹೋದರೆ ಸಾಕು, ಕೇರಿಯ ಸರಾಸರಿ ಆದಾಯ ಏರುತ್ತದೆ. ಕಾಗದದ ಮೇಲೆ ಬಡತನ ಇಳಿದಿರುತ್ತದೆ. ನಿಜಕ್ಕೂ ಅದು ಬೇರೆ ಕೇರಿಗೆ ಮನೆ ಬದಲಾಯಿಸಿದೆ, ಅಷ್ಟೆ.

ಹೊಸದಾಗಿ ಬಂದವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಅವರಲ್ಲಿ ಎಷ್ಟೋ ಮಂದಿ ಬೇರೆಡೆಯ ಬಾಡಿಗೆ ತಾಳಲಾರದೆ ಬಂದವರೇ. ಹಾಗಂತ ಪಾರ್ಕು, ಬಸ್ಸು ಬೇಡ ಎನ್ನುವುದೂ ಹುಚ್ಚುತನ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸುಮಾರು ಅರ್ಧದಷ್ಟು ಜನ ನಗರಾಡಳಿತ ಕಟ್ಟಿಸಿದ ಅಥವಾ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿದ್ದಾರೆ. ಅಂಥ ಮನೆಯ ಬಾಡಿಗೆ ಪಕ್ಕದಲ್ಲಿ ಪಾರ್ಕು ಬಂತೆಂದು ಮಾರುಕಟ್ಟೆ ದರದ ಹಿಂದೆ ಓಡುವುದಿಲ್ಲ. ಮನೆಯ ಭದ್ರತೆ ಮೊದಲು, ಅಲಂಕಾರ ಆಮೇಲೆ. ನನಗೆ ಈ ಕ್ರಮವೇ ಸರಿ ಎನಿಸುತ್ತದೆ.

ಒಂದು ಕೋರಿಕೆ. ‘ಬದಲಾದ ಬಡಾವಣೆ’ ಎಂಬ ವರದಿ ಹಾಕುವಾಗ ಹೊಸ ಫೋಟೋ ಜೊತೆಗೆ ಇದನ್ನೂ ಬರೆಸಿ: ಹತ್ತು ವರ್ಷದ ಹಿಂದೆ ಅಲ್ಲಿ ಬಾಡಿಗೆಗಿದ್ದವರಲ್ಲಿ ಈಗ ಎಷ್ಟು ಮನೆಯವರು ಅಲ್ಲೇ ಇದ್ದಾರೆ?

ಇತಿ,
ಒಬ್ಬ ಬಾಡಿಗೆದಾರ ಓದುಗ